ಆಸ್ಪತ್ರೆ ಟೆಂಡರ್: ಗೆಲ್ಲುವ ದರ, ನಡೆಸುವ ದರ

ಹಿರಿಯೂರಿನ ತಾಲ್ಲೂಕು ಆಸ್ಪತ್ರೆಗೆ ಬೆಳಗಿನ ಜಾವ ಹೆರಿಗೆಗೆಂದು ಬರುವ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಅವಳನ್ನು ಊರಿಂದ ಕರೆತರುವ 108 ಆಂಬುಲೆನ್ಸ್ ಸೇವೆ ಹುಟ್ಟಿದ್ದೇ ಖಾಸಗಿ ಸಂಸ್ಥೆಯೊಂದಿಗಿನ ಒಪ್ಪಂದದಲ್ಲಿ. ಸ್ಟ್ರೆಚರ್ ತಳ್ಳುವವರು, ವಾರ್ಡಿನ ನೆಲ ಒರೆಸುವವರು, ರಾತ್ರಿ ಗೇಟು ಕಾಯುವವರು ಬಹುಪಾಲು ಹೊರಗುತ್ತಿಗೆಯವರು. ಅವಳ ಕೈಗೆ ಹಾಕುವ ಡ್ರಿಪ್ ಬಾಟಲಿಯನ್ನು ಬೆಂಗಳೂರಿನ ನಿಗಮವೊಂದು ಟೆಂಡರ್ ಕರೆದು ಕೊಂಡಿರುತ್ತದೆ. ಹೆರಿಗೆ ಕೊಠಡಿಯ ರಕ್ತ ಮೆತ್ತಿದ ಹತ್ತಿಯನ್ನು ಹಳದಿ ಚೀಲದಲ್ಲಿ ಒಯ್ಯುವ ಗಾಡಿ ಮತ್ತೊಬ್ಬರದು. ವೈದ್ಯರು, ನರ್ಸ್‌ಗಳನ್ನು ಬಿಟ್ಟರೆ ಅವಳ ಸುತ್ತ ನಡೆಯುವ ಹೆಚ್ಚಿನ ಕೆಲಸದ ಹಿಂದೆ ಒಂದೊಂದು ಗುತ್ತಿಗೆ ಇದೆ. ಯಾವುದೇ ಒಂದು ಗುತ್ತಿಗೆ ಕೈಕೊಟ್ಟರೂ ಪೆಟ್ಟು ಬೀಳುವುದು ಅವಳಿಗೆ ಮತ್ತು ಮಗುವಿಗೆ.

ಈ ಗುತ್ತಿಗೆಗಳನ್ನು ಹಿಡಿಯುವುದು ಹೇಗೆ ಎಂದು ಕೇಳುವವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕಡಿಮೆಯೇನಿಲ್ಲ. ಬಿ.ಕಾಂ. ಮುಗಿಸಿ ಸಣ್ಣ ಏಜೆನ್ಸಿ ತೆರೆದ ಹುಡುಗರಿದ್ದಾರೆ, ಲ್ಯಾಬ್ ನಡೆಸುವವರಿದ್ದಾರೆ, ಊಟ ಸರಬರಾಜಿಗೆ ಮುಂದಾಗುವ ಸ್ವಸಹಾಯ ಸಂಘಗಳಿವೆ. ಅವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ರೇಟು ಇಳಿಸು, ಎಲ್-1 ಆಗು, ಮಿಕ್ಕಿದ್ದು ಆಮೇಲೆ ನೋಡಿಕೊಳ್ಳೋಣ.’ ಎಲ್-1 ಎಂದರೆ ಎಲ್ಲರಿಗಿಂತ ಕಡಿಮೆ ದರ ಬರೆದವನು. ಈ ಸಲಹೆಯೇ ನಮ್ಮ ಸರ್ಕಾರಿ ಆಸ್ಪತ್ರೆಗಳನ್ನು ಒಳಗಿನಿಂದ ಸವೆಸುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆರೋಗ್ಯ ಸೇವೆಯಲ್ಲಿ ಟೆಂಡರ್ ಗೆಲ್ಲುವ ದರವೂ ಕೆಲಸ ನಡೆಸುವ ದರವೂ ಒಂದೇ ಆಗಿರಬೇಕು. ಎರಡರ ನಡುವೆ ಅಂತರ ಬಿದ್ದರೆ ಅದನ್ನು ತುಂಬಿಕೊಡುವವರು ಕಸ ಗುಡಿಸುವ ಹೆಂಗಸರು ಮತ್ತು ಹಾಸಿಗೆಯ ಮೇಲಿರುವ ರೋಗಿಗಳು.

ಮೊದಲು ಕಾನೂನಿನ ಮಾತು. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆಲ್ಲ ಆಧಾರ ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’. ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎನ್ನುತ್ತಾರೆ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2000ದಲ್ಲಿ ಇದು ಜಾರಿಗೆ ಬಂತು. ಅದಕ್ಕೆ ಮೊದಲು ಟೆಂಡರ್ ಪೆಟ್ಟಿಗೆಗೆ ಲಕೋಟೆ ಹಾಕಲು ಬಂದವನನ್ನು ಕಚೇರಿಯ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿದ್ದ ಕಾಲವನ್ನು ಕಂಡ ಹಿರಿಯ ಗುತ್ತಿಗೆದಾರರು ಇನ್ನೂ ಇದ್ದಾರೆ. ಈಗ ಎಲ್ಲವೂ ಪೋರ್ಟಲ್‌ನಲ್ಲಿ. ಡಿಜಿಟಲ್ ಸಹಿಯ ಟೋಕನ್ ಕಂಪ್ಯೂಟರ್‌ಗೆ ಚುಚ್ಚಿ, ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಿ, ದಾಖಲೆಗಳನ್ನು ಒಂದೊಂದಾಗಿ ಏರಿಸಬೇಕು. ಕೊನೆಯ ಗಂಟೆಯ ತನಕ ಕಾದು ಕುಳಿತವನಿಗೆ ಸರ್ವರ್ ಕೈಕೊಟ್ಟರೆ ಕೇಳುವವರಿಲ್ಲ. ಎರಡು ದಿನ ಮುಂಚೆಯೇ ಹಾಕಿ ಮುಗಿಸುವುದು ಜಾಣತನ.

ಟೆಂಡರ್‌ನಲ್ಲಿ ಸಾಮಾನ್ಯವಾಗಿ ಎರಡು ಕವರ್. ಮೊದಲನೆಯದು ತಾಂತ್ರಿಕ: ಜಿಎಸ್‌ಟಿ, ಪಿಎಫ್, ಇಎಸ್‌ಐ ನೋಂದಣಿ, ಕಾರ್ಮಿಕ ಇಲಾಖೆಯ ಲೈಸೆನ್ಸ್, ಆದಾಯ ತೆರಿಗೆ ರಿಟರ್ನ್, ಹಿಂದೆ ಮಾಡಿದ ಕೆಲಸದ ಪ್ರಮಾಣಪತ್ರ, ವಹಿವಾಟಿನ ಲೆಕ್ಕ. ಇದರಲ್ಲಿ ಪಾಸಾದವರ ಎರಡನೆಯ ಕವರ್, ಅಂದರೆ ದರದ ಕವರ್ ಮಾತ್ರ ತೆರೆಯುತ್ತಾರೆ. ಊರಿನ ಹೊಸಬರು ಬಹಳ ಸಲ ಬೀಳುವುದು ಮೊದಲ ಕವರ್‌ನಲ್ಲೇ. ಒಂದು ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಇನ್ನೊಂದು ಕಡೆ ಸಹಿ ಬಿಟ್ಟಿರುತ್ತದೆ. ಕೆಲವೊಮ್ಮೆ ಷರತ್ತೇ ವಿಚಿತ್ರವಾಗಿರುತ್ತದೆ. ಇಪ್ಪತ್ತು ಜನರನ್ನು ಒದಗಿಸುವ ಕೆಲಸಕ್ಕೆ ಕೋಟಿಗಟ್ಟಲೆ ವಹಿವಾಟು ಕೇಳಿದರೆ, ಆ ಷರತ್ತನ್ನು ಯಾರ ಅಳತೆಗೆ ಹೊಲಿದಿದ್ದಾರೆ ಎಂದು ಅನುಮಾನ ಬರುವುದು ಸಹಜ. ಅಂಥದ್ದು ಕಂಡರೆ ಕವರ್ ತೆರೆಯುವ ತನಕ ಸುಮ್ಮನಿರಬಾರದು. ದರ ಹಾಕುವ ಮೊದಲೇ ಲಿಖಿತವಾಗಿ ಸ್ಪಷ್ಟನೆ ಕೇಳಲು ಅವಕಾಶವಿದೆ. ಟೆಂಡರ್ ಅಂಗೀಕಾರವಾದ ಮೇಲೆ ಕೆಟಿಪಿಪಿಯ 16ನೇ ಸೆಕ್ಷನ್ ಪ್ರಕಾರ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಬಳಸುವವರು ಕಡಿಮೆ. ‘ಮುಂದಿನ ಟೆಂಡರ್‌ನಲ್ಲಿ ಸಾಹೇಬರ ಕಣ್ಣಿಗೆ ಬೀಳ್ತೀವಿ’ ಎಂಬ ಹೆದರಿಕೆ.

ಈಗ ದರದ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ನೋಡಬೇಕು.

ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಸ್ವಚ್ಛತೆಗೆಂದು 20 ಜನ ಬೇಕು ಎಂದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ತಲಾ ಕನಿಷ್ಠ ಕೂಲಿ ತಿಂಗಳಿಗೆ 15,000 ರೂಪಾಯಿ ಇಟ್ಟುಕೊಳ್ಳಿ. ಅದರ ಮೇಲೆ ಮಾಲೀಕನ ಪಾಲಿನ ಪಿಎಫ್ ಶೇ 13, ಅಂದರೆ 1,950 ರೂಪಾಯಿ. ಇಎಸ್‌ಐ ಶೇ 3.25, ಅಂದರೆ 487 ರೂಪಾಯಿ 50 ಪೈಸೆ. ಒಬ್ಬರಿಗೆ 17,437.50, ಇಪ್ಪತ್ತು ಜನಕ್ಕೆ ತಿಂಗಳಿಗೆ 3,48,750 ರೂಪಾಯಿ. ಇಷ್ಟರಲ್ಲಿ ಒಂದು ರೂಪಾಯಿಯನ್ನೂ ಕಾನೂನಿನ ಪ್ರಕಾರ ಇಳಿಸುವಂತಿಲ್ಲ. ಹಾಗಾದರೆ ಪೈಪೋಟಿ ಯಾವುದರಲ್ಲಿ? ಏಜೆನ್ಸಿ ತನಗೆಂದು ಕೇಳುವ ಸೇವಾ ಶುಲ್ಕದಲ್ಲಿ ಮಾತ್ರ. ಒಬ್ಬ ಶೇ 5 ಎನ್ನುತ್ತಾನೆ, ಇನ್ನೊಬ್ಬ ಶೇ 3, ಮತ್ತೊಬ್ಬ ಶೇ 1 ಎಂದು ಬರೆದು ಗೆಲ್ಲುತ್ತಾನೆ.

ಗೆದ್ದವನಿಗೆ ತಿಂಗಳಿಗೆ ಸಿಗುವುದು 3,487 ರೂಪಾಯಿ. ಅದರಲ್ಲಿ ಮೇಲ್ವಿಚಾರಕನ ಓಡಾಟ, ಲೆಕ್ಕಪತ್ರ, ಪಿಎಫ್ ಚಲನ್ ತುಂಬುವ ಖರ್ಚು, ಗುಮಾಸ್ತನ ಸಂಬಳ ಎಲ್ಲವೂ ಬರಬೇಕು. ಬಿಲ್ಲು ಮೂರು ತಿಂಗಳು ತಡವಾಯಿತೆನ್ನಿ, ಅದೇನೂ ಅಪರೂಪವಲ್ಲ. ಕೂಲಿಗೆಂದು ಅವನು ಕೈಯಿಂದ ಹಾಕಬೇಕಾದ್ದು 10,46,250 ರೂಪಾಯಿ. ವರ್ಷಕ್ಕೆ ಶೇ 12ರ ಬಡ್ಡಿಗೆ ತಂದರೂ ತಿಂಗಳಿಗೆ ಹತ್ತು ಸಾವಿರದ ಮೇಲೆ ಬಡ್ಡಿಯೇ ಹೋಗುತ್ತದೆ. ಆದಾಯ ಮೂರೂವರೆ ಸಾವಿರ, ಬಡ್ಡಿ ಹತ್ತೂವರೆ ಸಾವಿರ. ವಾರದ ರಜೆಗೆ ಬದಲಿ ಆಳು, ಬೋನಸ್, ಸಮವಸ್ತ್ರ, ಕೈಗವಸು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈ ದರಕ್ಕೆ ಒಪ್ಪಿಕೊಂಡು ಸಹಿ ಹಾಕಿದವನು ಎಲ್ಲಿಂದ ತುಂಬಿಕೊಳ್ಳುತ್ತಾನೆ? ದಾರಿ ಮೂರೇ. ಹಾಜರಾತಿ ಪುಸ್ತಕದಲ್ಲಿ 20 ಹೆಸರು, ವಾರ್ಡಿನಲ್ಲಿ 16 ಜನ. ನಾಲ್ಕು ಹೆಸರಿನಿಂದ ತಿಂಗಳಿಗೆ 69,750 ರೂಪಾಯಿ ಉಳಿಯುತ್ತದೆ. ಅದಿಲ್ಲವಾದರೆ ಖಾತೆಗೆ ಪೂರ್ತಿ ಸಂಬಳ ಹಾಕಿ ಒಂದು ಪಾಲನ್ನು ನಗದಾಗಿ ವಾಪಸು ಪಡೆಯುವುದು. ಅದೂ ಅಲ್ಲದಿದ್ದರೆ ಪಿಎಫ್ ಕಟ್ಟದೇ ಇರುವುದು. ಮೂರರಲ್ಲಿ ಯಾವುದನ್ನು ಮಾಡಿದರೂ ರಾತ್ರಿ ಪಾಳಿಯಲ್ಲಿ ಇಬ್ಬರು ಮಾಡಬೇಕಾದ ಕೆಲಸ ಒಬ್ಬಳ ತಲೆಗೆ ಬೀಳುತ್ತದೆ, ಇಲ್ಲವೇ ತಿಂಗಳ ಕೊನೆಗೆ ಅವಳ ಮನೆಯ ಅಕ್ಕಿಗೆ ಕತ್ತರಿ ಬೀಳುತ್ತದೆ. ಎಲ್ಲ ಏಜೆನ್ಸಿಗಳೂ ಹೀಗೇ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ನಿಯತ್ತಾಗಿ ನಡೆಸುವವರಿದ್ದಾರೆ, ಆದರೆ ಈ ಲೆಕ್ಕದಲ್ಲಿ ನಿಯತ್ತಿನವರು ಗೆಲ್ಲುವುದು ಕಷ್ಟ, ಗೆದ್ದರೂ ಬದುಕುವುದು ಇನ್ನೂ ಕಷ್ಟ.

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದನ್ನು ಜಿಲ್ಲೆ ಮರೆತಿಲ್ಲ. ಸಾವುಗಳೂ ಆದವು. ವಾಂತಿಭೇದಿಯ ವಾರ್ಡ್ ಎಂದರೆ ಏನು ಎಂಬುದು ಅಲ್ಲಿ ನಿಂತವರಿಗೆ ಗೊತ್ತು: ನಿಮಿಷ ನಿಮಿಷಕ್ಕೂ ನೆಲ ಒರೆಸಬೇಕು, ಹಾಸಿಗೆ ಬದಲಿಸಬೇಕು, ಶೌಚಾಲಯಕ್ಕೆ ಬ್ಲೀಚಿಂಗ್ ಪುಡಿ ಬೀಳುತ್ತಲೇ ಇರಬೇಕು. ಅಂಥ ರಾತ್ರಿ ಸೋಂಕು ಪಕ್ಕದ ಹಾಸಿಗೆಗೆ ದಾಟದಂತೆ ತಡೆಯುವುದು ಡಾಕ್ಟರ ಪ್ರಿಸ್ಕ್ರಿಪ್ಷನ್ ಎಷ್ಟೋ ಅಷ್ಟೇ ಆ ಪೊರಕೆ, ಬಕೆಟ್ಟು. ಹಾಜರಾತಿಯಲ್ಲಿ ಮಾತ್ರ ಇರುವ ನಾಲ್ಕು ಹೆಸರುಗಳು ಅಂದು ಬಂದು ನೆಲ ಒರೆಸುವುದಿಲ್ಲ.

ಕಾನೂನು ಇಲ್ಲಿ ಸರ್ಕಾರವನ್ನೂ ಬಿಟ್ಟಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಒಂದು ತತ್ವ ಹಾಕಿಕೊಟ್ಟಿತು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಆಸ್ಪತ್ರೆಯಲ್ಲಿ ಮೂಲ ಮಾಲೀಕ ಎಂದರೆ ಇಲಾಖೆಯೇ. ‘ಅದು ಏಜೆನ್ಸಿಯವರ ವಿಷಯ, ನಮಗೆ ಸಂಬಂಧವಿಲ್ಲ’ ಎಂದು ಅಧಿಕಾರಿಗಳು ಕೈತೊಳೆದುಕೊಳ್ಳುವುದಕ್ಕೆ ಕಾನೂನಿನ ಬೆಂಬಲ ಇಲ್ಲ.

ಹೊರಗುತ್ತಿಗೆ ನೌಕರರ ಕಥೆ ಇದಾದರೆ, ದೊಡ್ಡ ಗುತ್ತಿಗೆಗಳ ಕಥೆ ಬೇರೆ ತೆರನಾದದ್ದು. 108 ‘ಆರೋಗ್ಯ ಕವಚ’ ಶುರುವಾಗಿದ್ದು 2008ರ ನವೆಂಬರ್ 1ರಂದು. ಜಿವಿಕೆ ಇಎಂಆರ್‌ಐ ಸಂಸ್ಥೆಯ ಜೊತೆಗಿನ ಒಡಂಬಡಿಕೆ ಅದು. 2017ರಲ್ಲಿ ಸರ್ಕಾರ ಒಪ್ಪಂದ ಮುಗಿಸುವುದಾಗಿ ನೋಟಿಸ್ ಕೊಟ್ಟಿತು. ಆದರೆ ಅದರ ಜಾಗಕ್ಕೆ ಬರಬೇಕಾದ ಹೊಸ ಟೆಂಡರ್ ಮತ್ತೆ ಮತ್ತೆ ಮುಗ್ಗರಿಸಿತು, ಹಳೆಯ ಸಂಸ್ಥೆಯೇ ವರ್ಷಗಟ್ಟಲೆ ಮುಂದುವರಿಯಿತು. ನಡುವೆ ಸಂಬಳ ಬಾಕಿ ಎಂದು ಚಾಲಕರು, ಸ್ಟಾಫ್ ನರ್ಸ್‌ಗಳು ಬೀದಿಗಿಳಿದರು. 2022ರ ಸೆಪ್ಟೆಂಬರ್‌ನಲ್ಲಿ ಕಾಲ್ ಸೆಂಟರ್‌ನ ತಾಂತ್ರಿಕ ದೋಷದಿಂದ ರಾಜ್ಯದಾದ್ಯಂತ ಕರೆಗಳೇ ಸಿಗದ ಹೊತ್ತು ಬಂತು. ಕೊನೆಗೆ 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, 108 ಅನ್ನು ಇಲಾಖೆಯೇ ನೇರವಾಗಿ ನಡೆಸಲಿದೆ ಎಂದು ಪ್ರಕಟಿಸಿದರು.

ಚಿತ್ರದುರ್ಗ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದೇ ಹೋಗುತ್ತದೆ. ಜೇವರ್ಗಿ–ಚಾಮರಾಜನಗರ ಹೆದ್ದಾರಿ ಹಿರಿಯೂರಿನಲ್ಲೇ ಅದನ್ನು ಕೂಡುತ್ತದೆ. 2020ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೆದ್ದಾರಿಯಲ್ಲಿ ಖಾಸಗಿ ಬಸ್ ಹೊತ್ತಿ ಉರಿದು ಪ್ರಯಾಣಿಕರು ಸುಟ್ಟುಹೋದರು. ಇಲ್ಲಿನ ರಸ್ತೆಯಲ್ಲಿ ಬಿದ್ದವರನ್ನು ಹಿರಿಯೂರಿನಿಂದ ಸುಮಾರು 40 ಕಿ.ಮೀ. ದೂರದ ಚಿತ್ರದುರ್ಗಕ್ಕೆ, ಅಲ್ಲಿಂದ ಇನ್ನೂ 60 ಕಿ.ಮೀ. ಆಚೆಯ ದಾವಣಗೆರೆಗೆ ಸಾಗಿಸಬೇಕಾಗುತ್ತದೆ. ಆಂಬುಲೆನ್ಸ್ ಗುತ್ತಿಗೆಯಲ್ಲಿ ‘ಇಷ್ಟು ನಿಮಿಷದೊಳಗೆ ತಲುಪಬೇಕು’ ಎಂದು ಬರೆದಿರುವ ಒಂದು ಸಾಲು ಇಲ್ಲಿ ಸಾವು–ಬದುಕಿನ ಸಾಲು. ಆ ಸಾಲು ತಪ್ಪಿದರೆ ದಂಡ ಎಷ್ಟು, ಅದನ್ನು ಅಳೆಯುವವರು ಯಾರು ಎಂಬುದು ದರಕ್ಕಿಂತ ಮೊದಲು ತೀರ್ಮಾನವಾಗಬೇಕು.

ಡಯಾಲಿಸಿಸ್ ಗುತ್ತಿಗೆಯಲ್ಲಿ ಇನ್ನೊಂದು ಪಾಠವಿದೆ, ನಮ್ಮ ಜಿಲ್ಲೆಗೇ ವಿಶೇಷವಾದದ್ದು. ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳನ್ನು ರಾಜ್ಯ ಸರ್ಕಾರ ಖಾಸಗಿ ಸಹಭಾಗಿತ್ವದಲ್ಲಿ ನಡೆಸಿತು. ಒಂದು ಸಂಸ್ಥೆ ಮಧ್ಯದಲ್ಲೇ ಹಿಂದೆ ಸರಿಯಿತು, ಬಾಕಿ ಹಣದ ವ್ಯಾಜ್ಯ ಎದ್ದಿತು, ಸಿಬ್ಬಂದಿ ಮುಷ್ಕರ ಮಾಡಿದರು. ಈಚೆಗೆ ಹೊಸ ಟೆಂಡರ್‌ಗಳಾಗಿ, ಒಮ್ಮೆ ಮಾತ್ರ ಬಳಸುವ ಡಯಲೈಸರ್ ವ್ಯವಸ್ಥೆ ಬಂದಿದೆ. ಮೂತ್ರಪಿಂಡ ಕೈಕೊಟ್ಟವರಿಗೆ ವಾರಕ್ಕೆ ಎರಡು–ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ಒಂದು ಸಲಕ್ಕೆ ಹತ್ತಿರ ಹತ್ತಿರ 120 ಲೀಟರ್ ಶುದ್ಧೀಕರಿಸಿದ ನೀರು ಹರಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು, ಗಡಸುತನ ಹೆಚ್ಚಿರುವುದು ಇಲ್ಲಿನ ಪ್ರತಿ ಮನೆಗೂ ಗೊತ್ತು. ಅಂಥ ನೀರು ಆರ್‌ಒ ಘಟಕದ ಮೆಂಬ್ರೇನ್‌ನಲ್ಲಿ ಪೊರೆಗಟ್ಟುತ್ತದೆ, ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಮಲೆನಾಡಿನ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ದರ ಬರೆದವನು ಹೊಸದುರ್ಗಕ್ಕೆ ಬಂದಾಗ ಮುಖ ಕಿವುಚುತ್ತಾನೆ. ಯಂತ್ರ ನಿಂತ ದಿನ ಹೊಸದುರ್ಗದ ರೋಗಿ 60 ಕಿ.ಮೀ. ಆಚೆಯ ಚಿತ್ರದುರ್ಗಕ್ಕೆ ಬಸ್ ಹಿಡಿಯಬೇಕು, ಜೊತೆಗೊಬ್ಬರು ಕೂಲಿ ಬಿಟ್ಟು ಹೊರಡಬೇಕು. ರಾಜ್ಯಕ್ಕೆಲ್ಲ ಒಂದೇ ದರ ಕೇಳುವ ಟೆಂಡರ್‌ಗಳು ಊರಿನ ನೀರನ್ನು ನೋಡುವುದಿಲ್ಲ. ನೋಡಬೇಕು.

ಅಗ್ಗದ ಖರೀದಿ ಎಲ್ಲಿಗೆ ಮುಟ್ಟಬಹುದು ಎಂಬ ಪ್ರಶ್ನೆಯನ್ನು 2024ರ ನವೆಂಬರ್‌ನ ಬಳ್ಳಾರಿ ನಮ್ಮ ಮುಂದಿಟ್ಟಿತು. ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಬಿದ್ದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ. ಅದೇ ಕಂಪನಿಯ ದ್ರಾವಣದ ಕೆಲ ಬ್ಯಾಚ್‌ಗಳ ಬಗ್ಗೆ ರಾಜ್ಯದ ಪ್ರಯೋಗಾಲಯ ಮೊದಲೇ ತಕರಾರು ಎತ್ತಿತ್ತು. ಕೇಂದ್ರದ ಪ್ರಯೋಗಾಲಯ ಸರಿ ಇದೆ ಎಂದಿತ್ತು. ಔಷಧ ನಿಯಂತ್ರಕರು ಅಮಾನತಾದರು, ಕಂಪನಿ ಕಪ್ಪುಪಟ್ಟಿ ಸೇರಿತು. ಆ ಐದು ಮನೆಗಳಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ತುರ್ತಿನ ಹೆಸರಿನಲ್ಲಿ ಟೆಂಡರನ್ನೇ ಬದಿಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೋವಿಡ್ ಕಾಲದ ಖರೀದಿಗಳ ಮೇಲೆ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹ ಆಯೋಗ ನಡೆಸಿದ ವಿಚಾರಣೆ ಸಾಕ್ಷಿ. ಟೆಂಡರ್ ಬೇಡ ಎಂಬ ಮಾತಿಗೆ ಹಾಗಾಗಿ ನನ್ನ ಒಪ್ಪಿಗೆ ಇಲ್ಲ. ಟೆಂಡರ್ ಬೇಕು, ಅದರೊಳಗೆ ಬರೆಯುವುದು ಬದಲಾಗಬೇಕು.

ಬೇರೆ ದಾರಿಗಳನ್ನು ಈ ರಾಜ್ಯವೇ ಕಂಡಿದೆ. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ಸರ್ಕಾರ ವಹಿಸಿಕೊಟ್ಟಿತು. ಅಲ್ಲಿ ನೋಡಿದ್ದು ಸಂಸ್ಥೆಯ ಕೆಲಸವನ್ನು. ಆ ಮಾದರಿಯೇ ‘ಆರೋಗ್ಯ ಬಂಧು’ ಹೆಸರಿನಲ್ಲಿ ಬೇರೆ ಜಿಲ್ಲೆಗಳಿಗೂ ಹಬ್ಬಿತು; ಆಮೇಲೆ ಸರ್ಕಾರ ಅದನ್ನು ಮುಂದುವರಿಸಲಿಲ್ಲ. ಬೀದರ್‌ನಲ್ಲಿ ಜಿಲ್ಲಾ ಕಾರ್ಮಿಕ ಸೇವೆಗಳ ವಿವಿಧೋದ್ದೇಶ ಸಹಕಾರ ಸಂಘದ ಮೂಲಕವೇ ಇಲಾಖೆಗಳಿಗೆ ನೌಕರರನ್ನು ಒದಗಿಸುವ ವ್ಯವಸ್ಥೆ ಇದೆ. ಖಾಸಗಿ ಏಜೆನ್ಸಿ ನಡುವೆ ಇಲ್ಲ. ಇದನ್ನು ಎಲ್ಲ ಜಿಲ್ಲೆಗಳಿಗೂ ತರುವುದಾಗಿ ಕಾರ್ಮಿಕ ಸಚಿವ ಸಂತೋಷ್ ಲಾಡ್ ಹೇಳಿದ್ದಾರೆ. ಚಿತ್ರದುರ್ಗಕ್ಕೆ ಅದು ಬೇಗ ಬಂದಷ್ಟೂ ಒಳ್ಳೆಯದು.

ಯಾಕೆಂದರೆ ಈ ಜಿಲ್ಲೆಯ ಲೆಕ್ಕ ಹೀಗಿದೆ: 2011ರ ಜನಗಣತಿಯಂತೆ ಇಲ್ಲಿ ಪರಿಶಿಷ್ಟ ಜಾತಿಯವರು ಶೇ 23ಕ್ಕೂ ಹೆಚ್ಚು, ಪರಿಶಿಷ್ಟ ಪಂಗಡದವರು ಶೇ 18ಕ್ಕೂ ಹೆಚ್ಚು. ಆಸ್ಪತ್ರೆಯ ಪೊರಕೆ ಹಿಡಿದವರಲ್ಲಿ ಯಾರಿದ್ದಾರೆ ಎಂದು ನೋಡಲು ಸಮೀಕ್ಷೆ ಬೇಕಿಲ್ಲ. ಅದೇ ಸಮುದಾಯದವರು ಟೆಂಡರ್ ಹಾಕುವ ಕಡೆಯೂ ಇರಬೇಕು. ಕಾಮಗಾರಿಗಳಲ್ಲಿ ಅವರಿಗೆ ಶೇ 17.15 ಮತ್ತು ಶೇ 6.95ರ ಮೀಸಲಾತಿ ಈಗಾಗಲೇ ಇದೆ. ಸರಕು ಮತ್ತು ಸೇವೆಗಳಿಗೂ ಮೀಸಲಾತಿ ಕೊಡುವ, ಮುಸ್ಲಿಮರನ್ನೂ ಸೇರಿಸುವ ಮಸೂದೆಯನ್ನು 2025ರಲ್ಲಿ ವಿಧಾನಮಂಡಲ ಅಂಗೀಕರಿಸಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು.

ಹೊಸದಾಗಿ ಟೆಂಡರ್ ಹಾಕುವವರಿಗೆ ಎರಡು ಮಾತು. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ದಿಮೆಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಕಚೇರಿಗೂ ಇದು ಅನ್ವಯ. ಇನ್ನೊಂದು, ಕೂಲಿಗೆ ಕೈ ಹಾಕದೆ ನಡೆಸಲಾಗದ ದರವನ್ನು ಬರೆಯಲೇಬೇಡಿ, ಟೆಂಡರ್ ಕೈತಪ್ಪಿದರೂ ಪರವಾಗಿಲ್ಲ. ಟೆಂಡರ್ ಕರೆಯುವ ಅಧಿಕಾರಿಗಳಿಗೂ ಒಂದು ಕೋರಿಕೆ: ಸೇವಾ ಶುಲ್ಕಕ್ಕೆ ಕನಿಷ್ಠ ಮಿತಿ ಹಾಕಿ. ಕೇಂದ್ರದ ಜೆಮ್ ಪೋರ್ಟಲ್‌ನಲ್ಲಿ ಮಾನವ ಸಂಪನ್ಮೂಲ ಸೇವೆಗೆ ಶೇ 3.85ರ ಕನಿಷ್ಠ ಮಿತಿ ಬಂದದ್ದು ಇದೇ ಕಾರಣಕ್ಕೆ. ದರ ಸಮನಾದಾಗ ಹಿಂದಿನ ಗುತ್ತಿಗೆಯಲ್ಲಿ ತಿಂಗಳು ತಿಂಗಳು ಪಿಎಫ್ ಕಟ್ಟಿದವರಿಗೆ ಆದ್ಯತೆ ಕೊಡಿ.

ಹಣದ ಕೊರತೆ ಎಂಬ ನೆಪ ಈ ಜಿಲ್ಲೆಗೆ ಅಷ್ಟಾಗಿ ಒಪ್ಪುವುದಿಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಗುಡ್ಡಗಳಿಂದ ಕಬ್ಬಿಣದ ಅದಿರು ಹೋಗುತ್ತಿದೆ. ಆ ಗಣಿಗಾರಿಕೆಯಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಆರೋಗ್ಯವೂ ಆದ್ಯತೆಯ ವಲಯ. ಸಾಮಾನ್ಯವಾಗಿ ಆ ದುಡ್ಡು ಕಟ್ಟಡಕ್ಕೆ, ಯಂತ್ರಕ್ಕೆ ಹೋಗುತ್ತದೆ, ಉದ್ಘಾಟನೆಯ ಫಲಕ ಏಳುತ್ತದೆ. ಯಂತ್ರದ ಜೊತೆಗೆ ಐದು ವರ್ಷದ ನಿರ್ವಹಣೆಯನ್ನೂ ಅದೇ ಟೆಂಡರ್‌ನಲ್ಲಿ ಸೇರಿಸಿದರೆ ಮಾತ್ರ ಆ ಯಂತ್ರ ಮೂಲೆ ಸೇರದೆ ಉಳಿಯುತ್ತದೆ.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸದಸ್ಯರಲ್ಲಿ ಒಬ್ಬರಾದರೂ ನಿಮಗೆ ಪರಿಚಯದವರಿರುತ್ತಾರೆ. ಸ್ವಚ್ಛತಾ ಗುತ್ತಿಗೆಯ ಬಗ್ಗೆ ಅವರ ಮೂಲಕ ಮೂರು ಸಂಖ್ಯೆ ಕೇಳಿ: ಕಾರ್ಯಾದೇಶದಲ್ಲಿ ಎಷ್ಟು ಜನ, ಹಾಜರಾತಿಯಲ್ಲಿ ಎಷ್ಟು ಜನ, ಪಿಎಫ್ ಚಲನ್‌ನಲ್ಲಿ ಎಷ್ಟು ಜನ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಮೂರು ಸಂಖ್ಯೆಗಳೂ ಒಂದೇ ಆಗದಿದ್ದರೆ, ಆ ಏಜೆನ್ಸಿಯ ಗುತ್ತಿಗೆಯನ್ನು ಮುಂದಿನ ವರ್ಷಕ್ಕೆ ವಿಸ್ತರಿಸಲು ಬಿಡಬೇಡಿ.